ಕೈಗೆ ಅಂಟಿದ ವಜ್ರ

ವಜ್ರವೆಂದರೆ ಒಂದು ರತ್ನ, ಇಲ್ಲವೇ ಇಂದ್ರನ ಆಯುಧ ಎಂದಷ್ಟೇ ತಿಳಿದವರಿಗೆ ಹಳೆಯ ಬಡಗಿಗಳ ಮಾತು ಬೆರಗು ಹುಟ್ಟಿಸುತ್ತದೆ. ಮರದ ಎರಡು ತುಂಡುಗಳನ್ನು ಒಂದಾಗಿಸುವ ಅಂಟಿಗೂ ಅವರು ವಜ್ರವೆಂದೇ ಹೇಳುತ್ತಿದ್ದರು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಇದೇ ಬಳಕೆ ಇದೆ. ಈ ಹೆಸರಿನ ಹಿಂದೆ ದೀರ್ಘವಾದ ನೆನಪೊಂದು ಇರುವಂತಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಎಳೆಯ ತೂಬರೆಕಾಯಿ, ಎಳೆಯ ಬೇಲದಕಾಯಿ, ಬೂರುಗದ ಹೂವು, ಬಜೆ ಮೊದಲಾದವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲೊಂದು ಪಾಲಿಗೆ ಇಂಗಿಸಿ, ಬಗೆಬಗೆಯ ರಾಳಗಳನ್ನು ಬೆರೆಸಿ ಬಿಸಿಬಿಸಿಯಾಗಿ ಬಳಿಯಬೇಕೆಂದು ಅಲ್ಲಿ ಹೇಳಿದೆ. ದೇವಾಲಯ, ಗೋಡೆ, ವಿಗ್ರಹ, ಬಾವಿ ಎಲ್ಲಕ್ಕೂ ಅದು ಸಲ್ಲುತ್ತದೆ. ಕೋಟಿ ವರ್ಷ ಬಾಳುತ್ತದೆ. ದನ, ಎಮ್ಮೆ, ಆಡುಗಳ ಕೊಂಬು, ಕತ್ತೆಯ ಕೂದಲು, ಎಮ್ಮೆಯ ಚರ್ಮ ಇವುಗಳಿಂದ ಮಾಡುವ ಇನ್ನೊಂದು ಲೇಪವೂ ಅದೇ ಅಧ್ಯಾಯದಲ್ಲಿದೆ. ಗೋಡೆಗೆ ಬಳಿದದ್ದು ಕೋಟಿ ವರ್ಷ ಬಾಳಲಿ. ಬಳಿದವನ ಬೆರಳಿಗೆ ಹತ್ತಿದ್ದು ಎಷ್ಟು ಕಾಲ ಬಾಳಿತು, ಅದನ್ನು ಅವನು ಹೇಗೆ ಬಿಡಿಸಿಕೊಂಡ ಎಂಬುದಕ್ಕೆ ಮಾತ್ರ ಆ ಶ್ಲೋಕಗಳಲ್ಲಿ ಉತ್ತರವಿಲ್ಲ. ಶಾಸ್ತ್ರಗಳು ಸಾಮಾನ್ಯವಾಗಿ ಕೈತೊಳೆಯುವ ಹೊತ್ತಿಗೆ ಮುಗಿದಿರುತ್ತವೆ.

ಕುಂಬಳೆ ಸೀಮೆಯ ಒಳನಾಡಿನಲ್ಲಿ, ಅಡಕೆ ತೋಟಗಳ ನಡುವಿನ ಒಂದು ಮನೆಯಲ್ಲಿ ಈ ಪ್ರಶ್ನೆ ಮೂರು ತಲೆಮಾರಿನಿಂದ ಇದೆ. ಮನೆಯ ಯಜಮಾನ ಮರಗೆಲಸದ ಆಚಾರಿ. ವಯಸ್ಸು ಅರುವತ್ತು ದಾಟಿದೆ, ಕೆಲಸ ನಿಂತಿಲ್ಲ. ಕಿರಿಯ ಮಗಳು ಪದವಿ ತರಗತಿಯಲ್ಲಿ ಐಚ್ಛಿಕ ಕನ್ನಡ ಓದುತ್ತಾಳೆ. ಮನೆಯೊಳಗೆ ತುಳು, ಓದಿಗೆ ಕನ್ನಡ, ಸರಕಾರದ ಕಾಗದಕ್ಕೆ ಮಲಯಾಳ ಎಂಬ ವಿಂಗಡಣೆ ಗಡಿನಾಡಿನ ಎಲ್ಲ ಮನೆಗಳಂತೆ ಅಲ್ಲಿಯೂ ಉಂಟು. ಅಪ್ಪನ ಬಲಗೈಯ ತೋರುಬೆರಳಿನ ತುದಿ ಸದಾ ಹೊಳೆಯುತ್ತಿರುವುದನ್ನು ಆಕೆ ಬಾಲ್ಯದಿಂದ ಕಂಡಿದ್ದಾಳೆ. ಅದು ಚರ್ಮದ ಹೊಳಪಲ್ಲ, ಒಣಗಿದ ಅಂಟಿನದು. ಉಗುರಿನ ಬುಡದಲ್ಲಿ ಹಳದಿ ಬಣ್ಣದ ಒಂದು ಗೆರೆ. ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಎಷ್ಟೋ ಬಾಗಿಲು ಕಿಟಕಿಗಳ ಹುಡಿ ಅಂಟಿನೊಡನೆ ಬೆರೆತು ಕಲ್ಲಾಗಿ ಕುಳಿತಿದೆ.

ಅಜ್ಜನ ಕಾಲದಲ್ಲಿ ಹೀಗಿರಲಿಲ್ಲವಂತೆ. ಆಗ ಬಳಕೆಯಲ್ಲಿದ್ದದ್ದು ಸರೇಸು. ಪಾರಸಿಯಿಂದ ಬಂದ ಈ ಹೆಸರು ದನದ ಚರ್ಮ, ಎಲುಬು, ಗೊರಸುಗಳನ್ನು ಬೇಯಿಸಿ ತೆಗೆದ ಅಂಟಿಗೆ ಸಲ್ಲುತ್ತದೆ; ವರಾಹಮಿಹಿರನ ಕೊಂಬು ಚರ್ಮಗಳ ಲೇಪಕ್ಕೆ ಇದು ದೂರದ ಬಂಧು. ಹಲಗೆಯಂತಿರುವ ಸರೇಸನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ನೇರ ಬೆಂಕಿ ತಗಲಿದರೆ ಅದರ ಬಲ ಹೋಗುತ್ತದೆ. ನಾತವಂತೂ ಊರಿಗೇ ಹರಡುತ್ತದೆ. ಆದರೆ ಅದಕ್ಕೊಂದು ದೊಡ್ಡ ಗುಣವಿತ್ತು: ಬಿಸಿನೀರಿಗೆ ಅದು ಮತ್ತೆ ಬಿಟ್ಟುಕೊಡುತ್ತಿತ್ತು. ವೀಣೆಯಂತಹ ವಾದ್ಯಗಳನ್ನು ಸರೇಸಿನಿಂದ ಕೂಡಿಸಿದ್ದರೆ ಎಷ್ಟೋ ವರ್ಷಗಳ ಅನಂತರವೂ ಬಿಸಿ ಮತ್ತು ತೇವ ಕೊಟ್ಟು ಸಂದು ಬಿಡಿಸಿ ದುರಸ್ತಿ ಮಾಡಬಹುದು. ಅಜ್ಜನ ಬೆರಳಿನದೂ ಸ್ನಾನದ ಹಂಡೆಯ ನೀರಿನಲ್ಲಿ ಅಷ್ಟೇ ಸಲೀಸಾಗಿ ಹೋಗುತ್ತಿತ್ತು. ಬಿಡಿಸಲು ಬರುವಂತೆ ಹಿಡಿಯುವ ಅಂಟು ಎಂದು ಅದನ್ನು ಕರೆದರೆ ತಪ್ಪಾಗದು. ಅನಂತರ ಬಂದ ಅಂಟುಗಳು ಹಿಡಿಯುವುದನ್ನು ಕಲಿತಷ್ಟು ಬಿಡುವುದನ್ನು ಕಲಿಯಲಿಲ್ಲ.

ಬಿಳಿ ಅಂಟು ಇವುಗಳಲ್ಲಿ ಸಾಧುವಾದದ್ದು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ದೇಶದ ಬಡಗಿಗಳು ಸರೇಸಿನ ಪಾತ್ರೆಯನ್ನು ಮೆಲ್ಲನೆ ಅಟ್ಟಕ್ಕೇರಿಸಿದರು. ಪಾಲಿವಿನೈಲ್ ಅಸಿಟೇಟ್ ಎಂಬ ರಾಳದ ಸಣ್ಣ ಕಣಗಳು ನೀರಿನಲ್ಲಿ ತೇಲಾಡುತ್ತಿರುವುದೇ ಇದರ ಹಾಲಿನ ಬಣ್ಣಕ್ಕೆ ಕಾರಣ. ಮರವು ನೀರನ್ನು ಹೀರಿದಂತೆ ಕಣಗಳು ಒತ್ತೊತ್ತಾಗಿ ಕೂಡಿ ತಿಳಿಯಾದ ಪೊರೆಯಾಗುತ್ತವೆ. ಶಾಲೆಯಲ್ಲಿ ಅಂಗೈಗೆ ಇದನ್ನು ಬಳಿದು, ಒಣಗಿದ ಮೇಲೆ ಹಾವಿನ ಪೊರೆಯಂತೆ ಸುಲಿದು ಸಂತೋಷಪಡದ ಮಕ್ಕಳಿಲ್ಲ. ಅವರು ಅರಿಯದೆಯೇ ರಸಾಯನಶಾಸ್ತ್ರದ ಪಾಠವೊಂದನ್ನು ಮಾಡಿಕೊಂಡಿರುತ್ತಾರೆ. ಹಸಿಯಾಗಿದ್ದಾಗ ತಣ್ಣೀರೇ ಸಾಕು. ಒಣಗಿದರೆ ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಸಾಬೂನು ಕದಡಿ ಹತ್ತು ನಿಮಿಷ ಅದ್ದಿಟ್ಟರೆ ಪೊರೆ ಮತ್ತೆ ಬೆಳ್ಳಗಾಗಿ ಮೆದುವಾಗುತ್ತದೆ. ಆಗ ಉಜ್ಜಿದರೆ ಸುರುಳಿಸುರುಳಿಯಾಗಿ ಎದ್ದು ಬರುತ್ತದೆ. ನೀರು ತಾಗುವ ಬಾಗಿಲುಗಳಿಗೆಂದು ಬಂದಿರುವ ಗಟ್ಟಿ ಜಾತಿಯದು ಮಾತ್ರ ಹೀಗೆ ಸುಲಭಕ್ಕೆ ಮಣಿಯುವುದಿಲ್ಲ. ನೀರಿಗೆ ಹೆದರದಿರುವುದೇ ಅದರ ಕಸುಬಲ್ಲವೇ?

ಚರ್ಮದ ಕತೆ ಬೇರೆ, ಉಗುರಿನ ಕತೆ ಬೇರೆ. ಚರ್ಮ ತನ್ನ ಮೇಲಿನ ಪದರವನ್ನು ದಿನವೂ ತಾನೇ ಉದುರಿಸುತ್ತಿರುತ್ತದೆ. ಅದಕ್ಕೆ ಹತ್ತಿದ ಅಂಟು ಕೆಲವು ದಿನಗಳ ಅತಿಥಿ. ಉಗುರಿಗೆ ಬೆವರಿಲ್ಲ, ಜಿಡ್ಡಿಲ್ಲ, ಹಾಗೆ ಉದುರಿಸುವ ಸ್ವಭಾವವೂ ಇಲ್ಲ. ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಮುಂದೆ ಸರಿಯುವುದಷ್ಟೇ ಅದಕ್ಕೆ ಗೊತ್ತು. ಬುಡದಲ್ಲಿ ಹತ್ತಿದ್ದು ತುದಿಗೆ ಬಂದು ಕತ್ತರಿಗೆ ಸಿಗಬೇಕಾದರೆ ಆರು ತಿಂಗಳಾದರೂ ಬೇಕು. ಅಷ್ಟು ಕಾಯುವ ಬಡಗಿ ಇಲ್ಲ. ಆತ ಕೈಗೆ ಸಿಕ್ಕಿದ ಉಳಿಯ ಮೂಲೆಯನ್ನೋ ಬ್ಲೇಡನ್ನೋ ಉಗುರಿನಡಿಗೆ ತೂರಿಸುತ್ತಾನೆ. ಅಂಟು ಬರುತ್ತದೆ; ಜೊತೆಗೆ ಉಗುರು ಬೆರಳಿನಿಂದ ತುಸು ಬೇರ್ಪಡುತ್ತದೆ. ಹೀಗೆ ಆದ ಎಡೆಯಲ್ಲಿ ಮರುದಿನ ಇನ್ನಷ್ಟು ಅಂಟು, ಇನ್ನಷ್ಟು ಹುಡಿ, ಮಳೆಗಾಲವಾದರೆ ಕೀವು. ನೆನೆಸಿ ಮೆದುವಾದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಮೆಲ್ಲಗೆ ತೆಗೆಯುವುದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ತಿಕ್ಕುವುದು ನಿಧಾನದ ದಾರಿಯಾದರೂ ಬೆರಳಿಗೆ ಕೇಡಿಲ್ಲದ ದಾರಿ.

ಈ ನಿಧಾನವನ್ನು ಆ ಮನೆಯಲ್ಲಿ ಬಲ್ಲವರೆಂದರೆ ಅಜ್ಜಿ. ಅವರ ವಿದ್ಯೆ ಬಂದದ್ದು ಮರಗೆಲಸದಿಂದಲ್ಲ, ಹಲಸಿನಿಂದ. ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಅಂಟು ಬಿಡಿಸುವ ಮೊದಲ ಪಾಠ ಹಲಸಿನ ಮೇಣವೇ. ಕೊಯ್ಯುವ ಮೊದಲು ಕತ್ತಿಗೂ ಅಂಗೈಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು. ಮರೆತು ಮೇಣ ಹತ್ತಿದರೆ ನೀರು ಮುಟ್ಟಬಾರದು. ಮೊದಲು ಒಣ ನಾರಿನಿಂದ ಒರಸಿ, ಆಮೇಲೆ ಎಣ್ಣೆ ತಿಕ್ಕಿ, ಕೊನೆಗೆ ಸಾಬೂನು. ಮೇಣದಲ್ಲಿರುವುದು ರಬ್ಬರಿನ ಜಾತಿಯ ವಸ್ತು ಮತ್ತು ರಾಳ. ಅವು ನೀರಿಗೆ ಒಲಿಯುವುದಿಲ್ಲ, ಎಣ್ಣೆಗೆ ಒಲಿಯುತ್ತವೆ. ಹಿಂದೆ ಸಾಬೂನಿನ ಬದಲು ಅಂಟುವಾಳದ ಕಾಯಿಯ ನೊರೆ. ಹೆಸರಿನಲ್ಲೇ ಅಂಟನ್ನು ಇಟ್ಟುಕೊಂಡ ಕಾಯಿ ಕೈಯ ಜಿಡ್ಡನ್ನು ಬಿಡಿಸುವುದು ಭಾಷೆಯ ಒಂದು ಚೇಷ್ಟೆಯೆಂದು ಮಗಳಿಗೆ ತೋರುತ್ತದೆ. ಎಣ್ಣೆಗೆ ಸಂಸ್ಕೃತದಲ್ಲಿ ಸ್ನೇಹವೆಂಬ ಹೆಸರಿರುವುದನ್ನು ತರಗತಿಯಲ್ಲಿ ಕೇಳಿದ ದಿನ ಆಕೆ ಮನೆಗೆ ಬಂದು ಅಪ್ಪನಿಗೊಂದು ಸಲಹೆ ಕೊಟ್ಟಳು: ಹಲಸಿಗೆ ಮಾಡಿದಂತೆ ಅಂಟಿನ ಕೆಲಸಕ್ಕೂ ಮೊದಲೇ ಎಣ್ಣೆ ಹಚ್ಚಿಕೊಂಡರೆ ಸಾಲದೇ?

ಆಚಾರಿ ನಕ್ಕರು. “ಎಣ್ಣೆ ಕೈಯಲ್ಲಿ ಮುಟ್ಟಿದ ಮರಕ್ಕೆ ಅಂಟು ಹಿಡಿಯುವುದುಂಟೋ ಮಗಳೇ?”

ಈ ಒಂದು ಮಾತಿನಲ್ಲಿ ಮರಗೆಲಸದವನ ಇಡೀ ತೊಡಕು ಇದೆ. ಹಲಸು ಕೊಯ್ಯುವವನಿಗೆ ಮೇಣ ಬೇಡ, ಬೇಕಾದದ್ದು ತೊಳೆ. ಆದ್ದರಿಂದ ಎಣ್ಣೆ ಅವನಿಗೆ ಶುದ್ಧ ಮಿತ್ರ. ಬಡಗಿಗೆ ಅಂಟು ಬೇಕು; ಅದು ಮರಕ್ಕೆ ಬೇಕು, ಕೈಗೆ ಬೇಡ, ಆದರೆ ಕೈ ಮರವನ್ನು ಮುಟ್ಟದೆ ಕೆಲಸವಿಲ್ಲ. ಕೈಯನ್ನು ಕಾಯುವ ಎಣ್ಣೆ ಸಂದನ್ನು ಕೆಡಿಸುತ್ತದೆ. ಸಂದು ಬಿಟ್ಟ ಬಾಗಿಲಿನ ಹೆಸರು ಬಡಗಿಯ ಹೆಸರಿನೊಡನೆಯೇ ಊರಿನಲ್ಲಿ ಉಳಿಯುತ್ತದೆ. ಹಾಗಾಗಿ ಆತ ಬರಿಗೈಯಲ್ಲಿ ದುಡಿಯುತ್ತಾನೆ. ಕುಂಚದಿಂದಲೋ ಮರದ ಚೂರಿನಿಂದಲೋ ಅಂಟನ್ನು ಬಳಿಯಬಾರದೇ ಎಂದರೆ ಬಳಿಯಬಹುದು, ಬಳಿಯುವುದು ಒಳ್ಳೆಯದು ಕೂಡ. ಆದರೆ ಅಂಟು ಎಲ್ಲಿ ತೆಳುವಾಯಿತು, ಎಲ್ಲಿ ದಪ್ಪವಾಯಿತು, ಎಲ್ಲಿ ಹುಡಿಯ ಕಣವೊಂದು ಉಳಿಯಿತು ಎಂಬುದು ಕುಂಚಕ್ಕೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಅಜ್ಜಿ ಈ ವಾದಕ್ಕೆ ತಲೆದೂಗಿದರೂ ಸೋಲೊಪ್ಪಲಿಲ್ಲ. ಕೆಲಸಕ್ಕೆ ಹೊರಡುವ ಮೊದಲು ಸಾಬೂನಿನ ಬಿಲ್ಲೆಯನ್ನು ಹತ್ತು ಉಗುರುಗಳಿಂದಲೂ ಕೆರೆದು, ಉಗುರಿನಡಿಯ ಎಡೆಯನ್ನು ಸಾಬೂನಿನಿಂದ ತುಂಬಿಕೊಂಡು, ಬೆರಳ ತುದಿಯನ್ನು ಮಾತ್ರ ಒರಸಿಕೊಳ್ಳುವಂತೆ ಹೇಳಿದರು. ಮರಕ್ಕೆ ಸೋಂಕುವುದಿಲ್ಲ, ಉಗುರಿನಡಿಗೆ ಅಂಟು ಇಳಿಯುವುದಿಲ್ಲ. ಸಂಜೆ ಒಂದು ಚೆಂಬು ನೀರಿಗೆ ಎಲ್ಲವೂ ಕರಗಿ ಹೋಗುತ್ತದೆ. ಈ ಉಪಾಯ ಆ ಮನೆಯಲ್ಲಿ ಈಗಲೂ ನಡೆಯುತ್ತಿದೆ.

ಕ್ಷಣದಲ್ಲಿ ಹಿಡಿಯುವ ಅಂಟು ಮಾತ್ರ ಇಂತಹ ಯಾವ ಉಪಾಯಕ್ಕೂ ಸಮಯ ಕೊಡುವುದಿಲ್ಲ. ಸಯನೋಅಕ್ರಿಲೇಟ್ ಎಂಬ ಈ ವಸ್ತುವನ್ನು 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಪ್ಲಾಸ್ಟಿಕ್ ಹುಡುಕುವಾಗ ಕಂಡು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬೇಸತ್ತು ಬದಿಗಿಟ್ಟರು. 1958ರಲ್ಲಿ ಆ ದೋಷವೇ ಗುಣವಾಗಿ ಮಾರುಕಟ್ಟೆಗೆ ಬಂತು. ಇದು ಒಣಗಿ ಗಟ್ಟಿಯಾಗುವುದಲ್ಲ; ಗಾಳಿಯಲ್ಲಿಯೂ ವಸ್ತುಗಳ ಮೈಮೇಲೂ ಇರುವ ಅತ್ಯಲ್ಪ ತೇವ ತಾಗಿದೊಡನೆ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ. ಬೆವರಿನ ಕೈಯಷ್ಟು ಇದಕ್ಕೆ ಪ್ರಿಯವಾದ ಜಾಗ ಇನ್ನೊಂದಿಲ್ಲ. ಮಲಯಾಳದಲ್ಲಿ ಅಂಟಿಗೆ ಪಶ ಎನ್ನುತ್ತಾರೆ, ತಮಿಳಿನಲ್ಲಿ ಪಸೈ. ಕನ್ನಡದಲ್ಲಿ ಅದೇ ಕುಲದ ಪಸೆ ಎಂಬ ಮಾತಿಗೆ ತೇವವೆಂದು ಅರ್ಥ. ಬಾಯಿಯ ಪಸೆ ಆರಿತು ಎನ್ನುವಾಗ ಇರುವುದು ಅದೇ. ತೇವಕ್ಕೂ ಅಂಟಿಗೂ ಒಂದೇ ಮಾತಿನ ಬೇರು ಇರುವುದರಲ್ಲಿ ಯಾರೋ ಹಿಂದಿನವರ ಕೈಯ ಅನುಭವ ಅಡಗಿರಬೇಕು.

ಆಚಾರಿಯೊಡನೆ ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬನ ಹೆಬ್ಬೆರಳೂ ತೋರುಬೆರಳೂ ಒಮ್ಮೆ ಹೀಗೆ ಕೂಡಿಕೊಂಡವು. ಗಾಬರಿಯಿಂದ ಆತ ಎಳೆಯತೊಡಗಿದ. ಎಳೆದರೆ ಬಿಡುವುದು ಅಂಟಲ್ಲ, ಚರ್ಮ. ಆಚಾರಿ ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿ, ಬಿಸಿನೀರು ಸಾಬೂನು ತರಿಸಿ, ಕೈಯನ್ನು ಅದ್ದಿಸಿ ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳನ್ನು ಎಳೆಯದೆ, ಒಂದರ ಮೇಲೊಂದನ್ನು ಹೊಸೆಯುವಂತೆ ಉರುಳಿಸುತ್ತ ಬಂದಾಗ ಅಂಚಿನಿಂದ ಬಿಡತೊಡಗಿತು. ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಅಸಿಟೋನ್ ಈ ಅಂಟನ್ನು ಮೆದುಗೊಳಿಸುವುದು ನಿಜ. ಗಾಯವಿಲ್ಲದ ಬೆರಳಿಗೆ, ದೀಪ ಒಲೆಗಳಿಂದ ದೂರ ಕುಳಿತು, ಒಂದೆರಡು ಹನಿ ಹಾಕಬಹುದು. ಚರ್ಮದ ಜಿಡ್ಡನ್ನೆಲ್ಲ ಅದು ಎಳೆದುಬಿಡುವುದರಿಂದ ಆಮೇಲೆ ಕೈತೊಳೆದು ಎಣ್ಣೆ ಹಚ್ಚಲೇಬೇಕು. ಕಣ್ಣು ತುಟಿಗಳ ಬಳಿಗೆ ಅದನ್ನು ಒಯ್ಯುವಂತಿಲ್ಲ. ರೆಪ್ಪೆ ಅಂಟಿದರೆ ವೈದ್ಯರ ಬಳಿಗೆ ಹೋಗುವುದೊಂದೇ ದಾರಿ. ಇನ್ನೊಂದು ಅಪಾಯ ಹಲವರಿಗೆ ತಿಳಿದಿಲ್ಲ. ಈ ಅಂಟು ಚೆಲ್ಲಿದಾಗ ಹತ್ತಿಯಿಂದ ಒರಸಿದರೆ, ಹತ್ತಿಯ ನೂಲಿನೊಳಗೆ ಅದು ಥಟ್ಟನೆ ಗಟ್ಟಿಯಾಗುತ್ತ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಕೈ ಕಾಯಲೆಂದು ಹಾಕಿಕೊಂಡ ಹತ್ತಿಯ ಗವಸೇ ಕೈಯನ್ನು ಸುಡಬಲ್ಲದು.

ಸನ್‌ಮೈಕಾ ಹಾಳೆಗಳನ್ನು ಕೂಡಿಸುವ ಹಳದಿ ಅಂಟಿನ ವಿಷಯದಲ್ಲಿ ಅಜ್ಜಿಯ ಹಲಸಿನ ಪಾಠ ಬಹುಮಟ್ಟಿಗೆ ಹೊಂದುತ್ತದೆ. ಅದೂ ರಬ್ಬರಿನ ಜಾತಿಯದೇ. ಎಣ್ಣೆ ತಿಕ್ಕಿ ಉಜ್ಜಿದರೆ ಎಳೆಎಳೆಯಾಗಿ ಸುತ್ತಿಕೊಂಡು ಬರುತ್ತದೆ. ಆದರೂ ಹೆಚ್ಚಿನ ಕೆಲಸಗಾರರು ಥಿನ್ನರಿನ ಡಬ್ಬಿಗೇ ಕೈ ಅದ್ದುತ್ತಾರೆ. ರಾಳ ಮತ್ತು ಗಟ್ಟಿಕಾರಕವೆಂದು ಎರಡು ಕೊಳವೆಗಳಲ್ಲಿ ಬರುವ ಎಪಾಕ್ಸಿಯಂತೂ ಇನ್ನೂ ಕೆಡುಕಿನದು. ಗಟ್ಟಿಯಾಗುವ ಮೊದಲೇ ಬಟ್ಟೆಯಿಂದ ಒರಸಿ ಸಾಬೂನಿನಿಂದ ತೊಳೆಯಬೇಕು. ಥಿನ್ನರ್ ಹಾಕಿದರೆ ಅದು ರಾಳವನ್ನು ಚರ್ಮದೊಳಕ್ಕೇ ಇಳಿಸುತ್ತದೆ. ಕೆಲವರ ದೇಹ ಒಮ್ಮೆ ಅದಕ್ಕೆ ಮುನಿಸಿಕೊಂಡರೆ ಆ ಮುನಿಸು ಜೀವಮಾನದ್ದು: ಮತ್ತೆಂದು ತಾಗಿದರೂ ತುರಿ, ಬಾವು, ನೀರುಗುಳ್ಳೆ. ಇದಕ್ಕೆ ಮಾತ್ರ ಆಚಾರಿ ಯಾವ ವಾದವೂ ಇಲ್ಲದೆ ರಬ್ಬರಿನ ಗವಸು ಹಾಕುತ್ತಾರೆ.

ಇಷ್ಟೆಲ್ಲ ತಿಳಿದವರು ತಮ್ಮ ಹೆಬ್ಬೆರಳನ್ನು ಮರೆತಿದ್ದರು. ಅದು ನೆನಪಿಗೆ ಬಂದದ್ದು ಪಿಂಚಣಿಯ ಮಸ್ಟರಿಂಗಿನಲ್ಲಿ. ಕೇರಳದಲ್ಲಿ ಕ್ಷೇಮ ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ಬೆರಳಚ್ಚು ಕೊಟ್ಟು ತೋರಿಸಬೇಕು. ಆಧಾರಿನಲ್ಲಿರುವ ಗುರುತಿಗೆ ಅದು ಹೊಂದಬೇಕು. ಕೇಂದ್ರದ ಸಾಲಿನಲ್ಲಿ ಅರ್ಧ ದಿನ ನಿಂತು ಹೆಬ್ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ಒರಸಿ ಇಟ್ಟರೂ ಒಪ್ಪಲಿಲ್ಲ. ಯಂತ್ರ ಓದುವುದು ಚರ್ಮದ ಏರುತಗ್ಗುಗಳ ಗೆರೆಗಳನ್ನು. ಆ ತಗ್ಗುಗಳಲ್ಲಿ ಅಂಟು ತುಂಬಿತ್ತು. ಏರುಗಳನ್ನು ಎಷ್ಟೋ ವರ್ಷಗಳ ಮರಳುಕಾಗದ ಸವೆಸಿತ್ತು. ಯಂತ್ರಕ್ಕೆ ಬೆರಳು ಒಂದು ಬಯಲಿನಂತೆ ಕಂಡಿರಬೇಕು. ಮನೆಗೆ ಬಂದವರು ಸಿಟ್ಟಿನಲ್ಲಿ ಬ್ಲೇಡಿನಿಂದ ಕೆರೆದರು, ಸಾಲದೆಂದು ಅದೇ ಮರಳುಕಾಗದದಿಂದ ತಿಕ್ಕಿದರು. ಮರುದಿನ ಬೆರಳು ನುಣುಪಾಗಿ ಹೊಳೆಯಿತು; ಯಂತ್ರ ಮತ್ತೆ ತಲೆಯಾಡಿಸಿತು.

ಜೀವಿತ ಪ್ರಮಾಣಪತ್ರ ಕೊಡುವ ಇನ್ನೊಂದು ದಾರಿ ಇತ್ತು. ಅದಕ್ಕೆ ಮಲಯಾಳದಲ್ಲಿ ಅರ್ಜಿ, ಕಚೇರಿಯ ಸಹಿ, ಇನ್ನೂ ಒಂದೆರಡು ದಿನದ ಕೂಲಿ ಬೇಕು. ಅದಕ್ಕಿಂತ ಹೆಚ್ಚಾಗಿ ಆಚಾರಿಯ ಮನಸ್ಸಿಗೆ ನಾಟಿದ್ದು ಬೇರೆ. ಊರಿನ ಅರ್ಧಕ್ಕರ್ಧ ಮನೆಗಳ ಬಾಗಿಲಿನಲ್ಲಿ ತನ್ನ ಬೆರಳಿನ ಕೆಲಸವಿದೆ. ಆ ಬೆರಳು ತನ್ನದೆಂದು ಹೇಳಲು ಕಾಗದ ಬೇಕಾಯಿತು. ಆ ರಾತ್ರಿ ಅವರು ಊಟಕ್ಕೆ ಕುಳಿತಾಗ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಮಗಳು ಓದಿ ತಿಳಿದದ್ದನ್ನು ಹೇಳಿದಳು. ಚರ್ಮದ ಗೆರೆಗಳ ಬೇರು ಮೇಲಿನ ಪದರದಲ್ಲಿಲ್ಲ, ಆಳದಲ್ಲಿದೆ. ಮೇಲಿನದು ಸವೆದರೂ ಬೆರಳಿಗೆ ವಿಶ್ರಾಂತಿ ಸಿಕ್ಕರೆ ಸುಮಾರು ನಾಲ್ಕು ವಾರಗಳಲ್ಲಿ ಹೊಸ ಚರ್ಮ ಅದೇ ಗೆರೆಗಳನ್ನು ಹೊತ್ತು ಮೇಲೇರುತ್ತದೆ. ನಾಲ್ಕು ವಾರ ಕೆಲಸ ಬಿಡುವುದು ಸಾಧ್ಯವಿರಲಿಲ್ಲ. ಕೊನೆಯ ದಿನಾಂಕಕ್ಕೆ ಇದ್ದದ್ದೇ ಎಂಟು ದಿನ. ಬ್ಲೇಡನ್ನು ಅಡಗಿಸಿಟ್ಟದ್ದು ಅಜ್ಜಿ. ಪ್ರತಿ ರಾತ್ರಿ ಬಿಸಿನೀರು, ಸಾಬೂನು, ಮೆದು ಬಟ್ಟೆ, ಆಮೇಲೆ ಬೆಚ್ಚಗಿನ ತೆಂಗಿನೆಣ್ಣೆ. ಮಗಳು ಅಪ್ಪನ ಒಂದೊಂದೇ ಬೆರಳನ್ನು ಹಿಡಿದು ಉಜ್ಜುತ್ತಿದ್ದಳು. ಮೊದಲೆರಡು ದಿನ ಅವರಿಗೆ ಸಂಕೋಚ. ಮೂರನೆಯ ದಿನದಿಂದ ಆ ಹೊತ್ತಿಗೆ ತಾವೇ ಬಂದು ಕೈಚಾಚಿ ಕೂರುತ್ತಿದ್ದರು, ಯಾವ ಮನೆಯ ಯಾವ ಬಾಗಿಲು ಯಾವ ಮರದ್ದೆಂದು ಹೇಳುತ್ತ. ಐದನೆಯ ದಿನ ಹೆಬ್ಬೆರಳಿನ ಪಕ್ಕದಲ್ಲಿ ಗಾಜಿನ ಚೂರಿನಂತಹ ಒಂದು ಪೊರೆ ತಾನಾಗಿ ಎದ್ದು ಬಂತು. ಅದರ ಒಳಮೈಯಲ್ಲಿ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಯಂತ್ರಕ್ಕೆ ಕಾಣದಿದ್ದದ್ದನ್ನು ಅಂಟು ಬರೆದಿಟ್ಟುಕೊಂಡಿತ್ತು.

ಎಂಟನೆಯ ದಿನ ಮಗಳೂ ಜೊತೆಗೆ ಹೋದಳು. ಹೆಬ್ಬೆರಳು ಆಗಲೂ ಸೋತಿತು. ತೋರುಬೆರಳನ್ನು ಕೇಳುವುದೇ ಬೇಡ. ಆಧಾರಿನಲ್ಲಿ ಹತ್ತು ಬೆರಳುಗಳ ಗುರುತೂ ಇರುತ್ತದೆ, ಹೆಬ್ಬೆರಳೇ ಆಗಬೇಕೆಂಬ ನಿಯಮವಿಲ್ಲ ಎಂದು ಆಕೆ ಕೇಂದ್ರದ ಹುಡುಗಿಗೆ ಮಲಯಾಳದಲ್ಲಿ ವಿನಯದಿಂದ ಹೇಳಿದಳು. ಆ ಹುಡುಗಿಯೂ ಬೇಸರಿಸದೆ ಒಂದೊಂದೇ ಬೆರಳನ್ನು ಇಡಿಸಿ ನೋಡಿದಳು. ಬಲಗೈ ಮುಗಿಯಿತು. ಎಡಗೈಯ ನಾಲ್ಕು ಮುಗಿದವು. ಕೊನೆಗೆ ಉಳಿದ ಎಡಗೈಯ ಕಿರುಬೆರಳನ್ನು, ಐವತ್ತು ವರ್ಷಗಳ ಕಸುಬಿನಲ್ಲಿ ಯಾವ ಅಂಟಿನ ಡಬ್ಬಿಗೂ ಇಳಿಯದೆ ಉಳಿದಿದ್ದ ಬೆರಳನ್ನು, ಇಟ್ಟಾಗ ಯಂತ್ರದಲ್ಲಿ ಹಸಿರು ದೀಪ ಬೆಳಗಿತು.

ಈಗ ಆಚಾರಿ ಮರಕ್ಕೆ ಅಂಟು ಬಳಿಯುವಾಗ ಎಡಗೈಯ ಕಿರುಬೆರಳನ್ನು ಚಹಾದ ಲೋಟ ಹಿಡಿದವರಂತೆ ತುಸು ಮೇಲಕ್ಕೆತ್ತಿಕೊಂಡಿರುತ್ತಾರೆ. ಕೆಲಸ ಕಲಿಯುವ ಹುಡುಗ ಅದೇನೋ ವಿದ್ಯೆಯ ಗುಟ್ಟೆಂದು ತಿಳಿದು ತಾನೂ ಹಾಗೆಯೇ ಎತ್ತಿ ಹಿಡಿಯುತ್ತಾನೆ.